ರೈತರ ಓಲೆ: ಎರೆಹೊಲದ ಕಾಯಿಪಲ್ಲೆ, ಮನೆಮಂದಿಯ ದುಡಿಮೆ

ಮುಂಗಾರಿನ ಮುನ್ನ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಯಿಪಲ್ಲೆಯ ಕುರಿತೇ ಇದ್ದುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರೆಲ್ಲರೂ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಣ್ಣ ಹಿಡುವಳಿದಾರರು. ಆಳುಗಳಿಗಿಂತ ಮನೆಯವರ ಕೈಯನ್ನೇ ನೆಚ್ಚಿದವರು, ಗೊಬ್ಬರದ ಅಂಗಡಿಯ ಉದ್ರಿ ಲೆಕ್ಕದಿಂದಲೂ, ಎಣ್ಣೆ (ಕೀಟನಾಶಕ) ಹೊಡೆದ ಕಾಯಿಯನ್ನು ತಮ್ಮ ಮಕ್ಕಳಿಗೇ ಉಣ್ಣಿಸುವ ಸಂಕಟದಿಂದಲೂ ಹೊರಬರಲು ಬಯಸುವವರು. ಪತ್ರಗಳ ಮುಖ್ಯ ಭಾಗವನ್ನಷ್ಟೇ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಮೂರು ಎಕರೆ ಎರೆಭೂಮಿ. ಹಿಂಗಾರಿ ಜೋಳ, ಕಡಲೆ, ತೊಗರಿ ಬೆಳೆಯುತ್ತ ಬಂದಿದ್ದೇವೆ. ಬೋರಿನಲ್ಲಿ ಒಂದೂವರೆ ಇಂಚು ನೀರಿದೆ. ಅದನ್ನು ನಂಬಿ ಇಪ್ಪತ್ತು ಗುಂಟೆಯಲ್ಲಿ ಸರ್ಕಾರಿ (ರಾಸಾಯನಿಕ) ಗೊಬ್ಬರ, ಎಣ್ಣೆ ಎರಡೂ ಇಲ್ಲದೆ ಕಾಯಿಪಲ್ಲೆ ಮಾಡಬೇಕೆಂದಿದ್ದೇವೆ. ದುಡಿಯುವವರು ನಾನು, ನನ್ನ ಹೆಂಡತಿ, ನಮ್ಮ ಅವ್ವ. ಎರಡು ಆಕಳಿವೆ. ಕಳೆದ ವರ್ಷ ಟೊಮ್ಯಾಟೊ ಹಚ್ಚಿದಾಗ ಜೋರು ಮಳೆಯಾಗಿ ನಿಂತ ಮೂರನೆಯ ದಿನಕ್ಕೆ ಗಿಡಗಳೆಲ್ಲ ಬಾಡಿದವು. ಎಲ್ಲಿಂದ ಆರಂಭಿಸಬೇಕು?
(ತಾಳಿಕೋಟೆ ತಾಲೂಕಿನ ರೈತ ಓದುಗರು)

ಉತ್ತರ: ಆ ಬಾಡಿದ ಟೊಮ್ಯಾಟೊ ಗಿಡಗಳಿಂದಲೇ ಆರಂಭಿಸೋಣ. ಗಿಡವು ನೀರಿಲ್ಲದೆ ಬಾಡುವಂತೆಯೇ ನೀರು ಹೆಚ್ಚಾದರೂ ಬಾಡುತ್ತದೆ. ಎರಡೂ ಕಣ್ಣಿಗೆ ಒಂದೇ ತೆರನಾಗಿ ಕಾಣುವುದರಿಂದ ಅನೇಕರು ಬಾಡಿದ ಗಿಡಕ್ಕೆ ಮತ್ತಷ್ಟು ನೀರು ಹಾಯಿಸಿ ಕೊಂದುಬಿಡುತ್ತಾರೆ. ಎರೆಮಣ್ಣಿನ ಕಣ ಬಹಳ ಸಣ್ಣದು. ನೀರು ಕುಡಿದಾಗ ಅದು ಉಬ್ಬಿ ಬೆಸೆದುಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಉಬ್ಬಿದ ಮಣ್ಣಿನಲ್ಲಿ ಗಾಳಿಯಾಡಲು ಎಡೆಯಿಲ್ಲದೆ ಬೇರು ಉಸಿರುಗಟ್ಟಿ ಕೊಳೆಯತೊಡಗುತ್ತದೆ. ಇದೇ ಗುಣ ಹಿಂಗಾರಿ ಜೋಳಕ್ಕೆ ವರವಾಗಿದೆ. ಭಾದ್ರಪದ, ಆಶ್ವಯುಜದ ಮಳೆಯ ತೇವವನ್ನು ಹಿಡಿದಿಟ್ಟುಕೊಂಡು, ಮುಂದೆ ಹನಿ ಬೀಳದಿದ್ದರೂ ತೆನೆ ಕಟ್ಟಿಸುವ ಮಣ್ಣು ಅದೇ. «ಡೋಣಿ ಹರಿದರೆ ಓಣೆಲ್ಲ ಕಾಳು» ಎಂದು ನಿಮ್ಮ ಭಾಗದವರು ಅಲ್ಲಿಯ ಡೋಣಿ ಹೊಳೆಯ ಬಗ್ಗೆ ಹೇಳುವುದು ಆ ಮಣ್ಣಿನ ಬಲದ ಮೇಲೆಯೇ. ಆದರೆ ಕಾಯಿಪಲ್ಲೆಯ ಬೇರು ಅಷ್ಟು ಆಳಕ್ಕೆ ಹೋಗುವುದಿಲ್ಲ, ಕಟ್ಟಿ ನಿಂತ ನೀರನ್ನು ತಾಳುವುದೂ ಇಲ್ಲ.

ಆದುದರಿಂದ ಗೊಬ್ಬರ, ಬೀಜ ಯಾವುದಕ್ಕೂ ಮೊದಲು ಒಂದು ಕೆಲಸ ಮಾಡಿರಿ. ಆ ಇಪ್ಪತ್ತು ಗುಂಟೆಯಲ್ಲಿ ಮೂರು ಕಡೆ ಒಂದೂವರೆ ಅಡಿ ಆಳದ ಸಣ್ಣ ಕುಣಿ ತೋಡಿ, ನೀರು ತುಂಬಿ ಇಂಗಲು ಬಿಡಿರಿ. ಪೂರ್ತಿ ಇಂಗಿದ ಮೇಲೆ ಸಂಜೆಗೆ ಮತ್ತೊಮ್ಮೆ ತುಂಬಿ, ಬೆಳಗ್ಗೆ ಹೋಗಿ ನೋಡಿರಿ. ಕುಣಿಯಲ್ಲಿ ಇನ್ನೂ ನೀರು ನಿಂತಿದ್ದರೆ ಅಲ್ಲಿ ಸಪಾಟು ನೆಲದಲ್ಲಿ ಸಸಿ ಹಚ್ಚುವ ಮಾತನ್ನೇ ಬಿಡಬೇಕು. ಮೂರೂವರೆ ಅಡಿ ಅಗಲ, ಒಂದು ಅಡಿ ಎತ್ತರದ ಏರುಮಡಿಗಳನ್ನು ಕಟ್ಟಿ, ನಡುವೆ ಒಂದೂವರೆ ಅಡಿಯ ಕಾಲುವೆ ಬಿಟ್ಟು, ಆ ಕಾಲುವೆಗಳೆಲ್ಲ ಹೊಲದ ಇಳಕಲಿನ ಕಡೆ ಹೊರಬೀಳುವಂತೆ ನೋಡಿಕೊಳ್ಳಿರಿ. ಮಡಿ ಕಟ್ಟುವಾಗ ಮಣ್ಣು ಹದದಲ್ಲಿರಬೇಕು. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟಾಗ ಒಡೆದು ಚೂರಾದರೆ ಹದವೆಂದು ತಿಳಿಯಿರಿ. ರೊಟ್ಟಿಯ ಹಿಟ್ಟಿನಂತೆ ಚಪ್ಪಟೆಯಾಗಿ ಕುಳಿತರೆ ಇನ್ನೆರಡು ದಿನ ಕಾಯಿರಿ. ಹಸಿ ಎರೆಯಲ್ಲಿ ಒಮ್ಮೆ ಟ್ರ್ಯಾಕ್ಟರ್ ಓಡಾಡಿದರೆ ಅದರ ಗಾಲಿಯ ಗುರುತು ವರ್ಷವಿಡೀ ಹೆಂಟೆಯಾಗಿ ಉಳಿಯುತ್ತದೆ. ಮಡಿ ಕಟ್ಟಿದ ಮೇಲೆ ಅದರ ಮೇಲೆ ಯಾರೂ ಕಾಲಿಡಬಾರದು. ಕಸ ತೆಗೆಯುವುದು, ಕಾಯಿ ಹರಿಯುವುದು ಎಲ್ಲವೂ ಕಾಲುವೆಯಲ್ಲಿ ನಿಂತೇ ಆಗಬೇಕು. ಮೂರೂವರೆ ಅಡಿಯ ಅಗಲವನ್ನು ಹೇಳಿದ್ದು ಎರಡೂ ಬದಿಯಿಂದ ಕೈ ನಿಲುಕಲೆಂದೇ.

ಇನ್ನು ಗೊಬ್ಬರ. ಕಾಯಿಪಲ್ಲೆಗೆ ಎಕರೆಗೆ ಸುಮಾರು ಹತ್ತು ಟನ್ ತಿಪ್ಪೆಗೊಬ್ಬರ ಬೇಕಾಗುತ್ತದೆ. ನಿಮ್ಮ ಇಪ್ಪತ್ತು ಗುಂಟೆಗೆ ಐದು ಟನ್. ಒಂದು ಆಕಳು ದಿನಕ್ಕೆ ಹತ್ತು ಕಿಲೋದಷ್ಟು ಹೆಂಡಿ ಹಾಕಿದರೂ ಎರಡು ಆಕಳಿಂದ ವರ್ಷಕ್ಕೆ ಏಳು ಟನ್ ಹಸಿ ಹೆಂಡಿ ಸಿಗಬಹುದು, ಕುಳ್ಳು ತಟ್ಟುವುದಕ್ಕೆ ಹೋಗದಿದ್ದರೆ; ಕಳಿತು ಗೊಬ್ಬರವಾಗುವಾಗ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಉಳಿದ ಕೊರತೆಯನ್ನು ತೊಗರಿ ಎಲೆ, ಹೊಟ್ಟು, ಮನೆಯ ಕಸ, ಬದುವಿನ ಹಸಿರುಸೊಪ್ಪುಗಳನ್ನು ಹೆಂಡಿಯ ಜೊತೆ ಪದರ ಪದರವಾಗಿ ಹಾಕಿ, ತೇವ ಆರದಂತೆ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ತಿರುವಿ ಹಾಕಿ ತುಂಬಿಕೊಳ್ಳಬೇಕು. ನಮ್ಮ ಕಡೆಯ ತಿಪ್ಪೆಗಳು ಬೇಸಿಗೆಯ ಬಿಸಿಲಿಗೆ ಬಾಯಿ ತೆರೆದು ಬಿದ್ದಿರುತ್ತವೆ. ಗೊಬ್ಬರದ ಸತ್ವ ಅರ್ಧ ಗಾಳಿಗೆ, ಅರ್ಧ ಮೊದಲ ಮಳೆಗೆ ಹೋಗುತ್ತದೆ. ಒಂದು ತಗಡು ಅಥವಾ ಹುಲ್ಲಿನ ನೆರಳು ಮಾಡಿದರೂ ಬಹಳಷ್ಟು ಉಳಿಯುತ್ತದೆ.

ಕಳಿಯದ ಗೊಬ್ಬರವನ್ನು ಮಾತ್ರ ಮಡಿಗೆ ಹಾಕಬೇಡಿರಿ. ಇದನ್ನು ನಾನು ನಷ್ಟಪಟ್ಟೇ ಕಲಿತವನು. ಒಂದು ವರ್ಷ ಮಳೆ ಬೇಗ ಬಂತೆಂದು ಅವಸರಪಟ್ಟು, ಮೇಲೆ ಒಣಗಿ ಒಳಗೆ ಇನ್ನೂ ಬಿಸಿಯಾಗಿದ್ದ ತಿಪ್ಪೆಯನ್ನು ಮೆಣಸಿನಕಾಯಿ ಮಡಿಗೆ ಹರಡಿದೆ. ಇಪ್ಪತ್ತು ದಿನಗಳಲ್ಲಿ ಸಸಿಗಳು ಸಾಲುಸಾಲಾಗಿ ಜೋತುಬಿದ್ದವು. ಒಂದನ್ನು ಕಿತ್ತಾಗ ಬೇರೇ ಇರಲಿಲ್ಲ, ಬುಡದಲ್ಲಿ ಬೆರಳ ಗಾತ್ರದ ಬಿಳಿ ಗೊಣ್ಣೆಹುಳು ಸುರುಳಿಯಾಗಿ ಮಲಗಿತ್ತು. ಕಳಿತ ಗೊಬ್ಬರದಲ್ಲಿ ಕೈ ಇಟ್ಟರೆ ತಂಪಾಗಿರುತ್ತದೆ, ಹೆಂಡಿಯ ವಾಸನೆ ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ, ಕಡ್ಡಿಯ ಆಕಾರ ಗುರುತಿಗೆ ಸಿಗುವುದಿಲ್ಲ.

ಮಡಿಯ ಮೇಲೆ ಹೊದಿಕೆ ಬೇಕೇ ಬೇಕು. ಜೋಳದ ಕಣಿಕೆ ದನಕ್ಕೆ ಮೇವಾದ್ದರಿಂದ ಅದನ್ನು ಹಾಸಿರೆಂದು ನಾನು ಹೇಳುವುದಿಲ್ಲ. ಕಬ್ಬಿನ ರವದಿ, ಸೂರ್ಯಕಾಂತಿಯ ದಂಟು, ದನ ತಿನ್ನದೆ ಬಿಟ್ಟ ಕಸ ಇವು ಸಾಕು. ಮೂರು ಬೆರಳು ದಪ್ಪ ಹಾಸಿದರೆ ಬಿರುಕು ಬಿಡುವುದು ತಗ್ಗುತ್ತದೆ, ಕಸ ಏಳುವುದು ಕಡಿಮೆಯಾಗಿ ನಿಮ್ಮ ಅವ್ವನವರ ಬೆನ್ನಿಗೂ ಅಷ್ಟು ಆರಾಮ ಸಿಗುತ್ತದೆ. ಒಣ ರವದಿಯನ್ನು ಮಣ್ಣಿನೊಳಗೆ ಬೆರೆಸಬೇಡಿರಿ. ಅದನ್ನು ಕಳಿಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಬೆಳೆ ಹಳದಿಯಾಗುತ್ತದೆ. ಬದುವಿನ ಮೇಲೆ ಗ್ಲಿರಿಸಿಡಿಯಾ ಹಚ್ಚಿದರೆ ಎರಡನೆಯ ವರ್ಷದಿಂದ ಸಾರಜನಕವುಳ್ಳ ಸೊಪ್ಪು ಮನೆಯಲ್ಲೇ ಸಿಗುತ್ತದೆ. ನಮ್ಮಲ್ಲಿ ಅದನ್ನು ಗೊಬ್ಬರದ ಗಿಡವೆಂದೇ ಕರೆಯುತ್ತಾರೆ.

ಕೊನೆಯದಾಗಿ ನೀರು. ಸಾಧಾರಣ ದಿನಗಳಲ್ಲಿ ಕಾಯಿಪಲ್ಲೆ ಬೆಳೆ ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರು ಕುಡಿಯುತ್ತದೆಂದು ಹಿಡಿದರೆ ಇಪ್ಪತ್ತು ಗುಂಟೆಗೆ ದಿನಕ್ಕೆ ಹತ್ತು ಸಾವಿರ ಲೀಟರ್ ಆಗುತ್ತದೆ. ನಲವತ್ತು ಡಿಗ್ರಿ ದಾಟುವ ವಿಜಯಪುರದ ಏಪ್ರಿಲ್‌ನಲ್ಲಿ ಅದು ಇನ್ನೂ ಹೆಚ್ಚು. ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಎಣಿಸಿ, ಅದರಿಂದ ತಾಸಿಗೆ ಎಷ್ಟು ಲೀಟರ್ ಎಂದು ತೆಗೆದು, ಕರೆಂಟ್ ಇರುವ ತಾಸುಗಳಿಂದ ಗುಣಿಸಿ ನಿಮ್ಮ ಬೋರಿನ ಲೆಕ್ಕ ಹಾಕಿರಿ. ಮಾರ್ಚ್‌ನಲ್ಲಿ ಬೋರು ಎಷ್ಟು ಕೊಡುತ್ತದೋ ಬೇಸಿಗೆಯ ಬೆಳೆ ಅಷ್ಟೇ ಇರಬೇಕು. ಇಪ್ಪತ್ತರಲ್ಲಿ ಐದು ಗುಂಟೆಯನ್ನಷ್ಟೇ ಹಸಿರಾಗಿಟ್ಟು ಉಳಿದುದನ್ನು ಹೊದಿಕೆಯಡಿ ಬಿಡುವುದರಲ್ಲಿ ಸೋಲೇನೂ ಇಲ್ಲ. ಮೊದಲ ವರ್ಷ ಐದೈದು ಗುಂಟೆಯ ನಾಲ್ಕು ತುಂಡು ಮಾಡಿ, ಒಂದರಲ್ಲಿ ಬದನೆ-ಟೊಮ್ಯಾಟೊ-ಮೆಣಸಿನಕಾಯಿ, ಇನ್ನೊಂದರಲ್ಲಿ ಚವಳಿಕಾಯಿ (ಗೋರಿಕಾಯಿ)-ಅವರೆ-ಅಲಸಂದಿ, ಮತ್ತೊಂದರಲ್ಲಿ ಹೀರೆ-ಹಾಗಲ-ಸೌತೆ, ಕೊನೆಯದರಲ್ಲಿ ಉಳ್ಳಾಗಡ್ಡಿ, ಮೂಲಂಗಿ, ಮೆಂತೆ, ರಾಜಗಿರಿ, ಸಬ್ಬಸಗಿ ಹೀಗೆ ಹಚ್ಚಿರಿ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಮೂರೂ ಒಂದೇ ಕುಲದವು, ಅವುಗಳ ರೋಗಗಳೂ ಬಹುಪಾಲು ಒಂದೇ. ಆದುದರಿಂದ ಅವು ಬೆಳೆದ ತುಂಡಿಗೆ ಮೂರು ವರ್ಷದವರೆಗೆ ಮತ್ತೆ ಅದೇ ಕುಲ ಬರದಂತೆ ತಿರುಗಿಸಿರಿ. ಎಳ್ಳ ಅಮವಾಸ್ಯೆಯ ಚರಗಕ್ಕೆ ಹೊಲಕ್ಕೆ ಹೋದಾಗ ಬುಟ್ಟಿಯೊಳಗಿನ ಎಣ್ಣೆಗಾಯಿಯ ಬದನೆ, ಕಾಳುಪಲ್ಯದ ಅವರೆ ನಿಮ್ಮ ಮಡಿಯವೇ ಆಗಿರಲಿ. ಸೊಪ್ಪಿನ ಮಡಿ ತಿಂಗಳೊಪ್ಪತ್ತಿಗೆ ಕೈಗೆ ಬರುವುದರಿಂದ ಸಂತೆಯ ಖರ್ಚಿಗೂ ಆಗುತ್ತದೆ.

ಪ್ರಶ್ನೆ: ಅಣ್ಣಾವರೇ, ನಾವು ಹದಿನೈದು ಗುಂಟೆಯಲ್ಲಿ ಬದನೆ ಹಚ್ಚಿದ್ದೇವೆ. ಬೇವಿನ ಎಣ್ಣೆ ವಾರಕ್ಕೆರಡು ಸಲ ಹೊಡೆದರೂ ಹತ್ತು ಕಾಯಿಯಲ್ಲಿ ನಾಲ್ಕು ಹುಳುಕಾಗಿರುತ್ತವೆ. ಪಕ್ಕದ ಹೊಲದವರು ಎಣ್ಣೆ ಹೊಡೆಯದೆ ಬದನೆ ಆಗದು ಎನ್ನುತ್ತಾರೆ. ನನ್ನ ಯಜಮಾನರಿಗೂ ಈಗ ಹಾಗೆಯೇ ಅನಿಸತೊಡಗಿದೆ.
(ಬೈಲಹೊಂಗಲ ತಾಲೂಕಿನ ರೈತ ಮಹಿಳೆ)

ಉತ್ತರ: ತಂಗೀ, ನಾಳೆ ಬೆಳಗ್ಗೆ ಬಿಸಿಲೇರುವ ಮುನ್ನ ಹೊಲಕ್ಕೆ ಹೋಗಿ ಗಿಡಗಳ ತುದಿಗಳನ್ನು ನೋಡಮ್ಮ. ಕೆಲವು ಎಳೆಯ ಕುಡಿಗಳು ಮಾತ್ರ ಕತ್ತು ಬಗ್ಗಿಸಿ ಬಾಡಿರುತ್ತವೆ, ಉಳಿದ ಗಿಡವೆಲ್ಲ ನೆಟ್ಟಗಿರುತ್ತದೆ. ಅಂಥದೊಂದು ಕುಡಿಯನ್ನು ಬಾಡಿದ ಜಾಗಕ್ಕಿಂತ ಎರಡು ಬೆರಳು ಕೆಳಗೆ ಮುರಿದು ಉಗುರಿನಿಂದ ಸೀಳಿದರೆ ಒಳಗೆ ಪುಡಿಪುಡಿಯಾದ ಹಿಕ್ಕೆಯ ನಡುವೆ ನಸುಗೆಂಪಿನ ಸಣ್ಣ ಹುಳು ಕಾಣುತ್ತದೆ. ನಿನ್ನ ಬೇವು ಸೋತದ್ದು ಇಲ್ಲಿಯೇ. ಈ ಹುಳು ತತ್ತಿಯಿಂದ ಹೊರಬಂದ ಕೆಲವೇ ತಾಸುಗಳಲ್ಲಿ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಮೇಲಿನಿಂದ ಬೇವು ಹೊಡೆದರೂ ಒಂದೇ, ಅಂಗಡಿಯ ಎಣ್ಣೆ ಹೊಡೆದರೂ ಒಂದೇ. ಎಣ್ಣೆ ಹೊಡೆಯುವ ನಿಮ್ಮ ಪಕ್ಕದವರು ತಿಂಗಳಿಗೆ ಎಷ್ಟು ಸಲ ಹೊಡೆಯುತ್ತಾರೆ, ಅಷ್ಟಾದರೂ ಎಷ್ಟು ಕಾಯಿ ಹುಳುಕಾಗುತ್ತವೆ ಎಂದು ಕೇಳಿ ನೋಡು.

ಹುಳು ಕಾಯಿಗೆ ಇಳಿಯುವ ಮುನ್ನ ಮೊದಲು ಕುಡಿಯಲ್ಲಿ ಇರುತ್ತದೆ. ಹೂ ಬಿಡುವ ಮೊದಲಿನಿಂದಲೇ ವಾರಕ್ಕೊಮ್ಮೆ, ತಪ್ಪದೆ, ಬಾಡಿದ ಕುಡಿಗಳನ್ನೆಲ್ಲ ಕಿತ್ತು ಚೀಲದಲ್ಲಿ ತುಂಬಿ ಹೊಲದಿಂದ ಹೊರಗೆ ತರಬೇಕು. ಹದಿನೈದು ಗುಂಟೆಗೆ ಇಬ್ಬರಿಗೆ ಒಂದು ಮುಂಜಾನೆಯ ಕೆಲಸ. ಕುಡಿ ಕಿತ್ತ ಗಿಡ ಮತ್ತೆ ಚಿಗುರುತ್ತದೆ, ಅದರಿಂದ ಇಳುವರಿಗೆ ನಷ್ಟವಿಲ್ಲ. ಕಿತ್ತ ಕುಡಿಯನ್ನೂ ಹುಳುಕು ಕಾಯಿಯನ್ನೂ ಬದುವಿನ ಮೇಲೆ ಚೆಲ್ಲುವುದು ನಾನು ಎಲ್ಲ ಕಡೆ ಕಾಣುವ ತಪ್ಪು. ಹುಳು ಅಲ್ಲಿಂದಲೇ ಹೊರಬಂದು ಉದುರಿದ ಎಲೆಯ ಅಡಿಯಲ್ಲಿ ಗೂಡು ಕಟ್ಟಿ, ಹತ್ತು ದಿನದೊಳಗೆ ಪತಂಗವಾಗಿ ಮತ್ತೆ ನಿನ್ನ ಹೊಲಕ್ಕೇ ಬರುತ್ತದೆ. ಕಿತ್ತ ಕುಡಿ, ಕಾಯಿಗಳನ್ನು ಅದೇ ದಿನ ಮೊಳದಾಳದಲ್ಲಿ ಹುಗಿಯಬೇಕು. ಕಾಯಿಯನ್ನು ವಾರಕ್ಕೆರಡು ಸಲ ಎಳೆಯದಾಗಿರುವಾಗಲೇ ಹರಿದರೆ ಹುಳುವಿಗೆ ಸಮಯ ಸಿಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನೀನು ಪತ್ರದಲ್ಲಿ ಬರೆದಿಲ್ಲ, ಆದರೂ ಕೇಳುತ್ತೇನೆ: ಹೋದ ವರ್ಷದ ಬದನೆ ಕಟ್ಟಿಗೆಯನ್ನು ಒಲೆಗೆಂದು ಹೊಲದ ಅಂಚಿನಲ್ಲಿಯೋ ಹಿತ್ತಲಲ್ಲಿಯೋ ಒಟ್ಟಿ ಇಟ್ಟಿದ್ದೀರಾ? ಒಣಗಿದ ಕಟ್ಟಿಗೆಗೆ ಅಂಟಿದ ಗೂಡುಗಳಿಂದ ಪತಂಗಗಳು ವಾರಗಟ್ಟಲೆ ಹೊರಬರುತ್ತಲೇ ಇರುತ್ತವೆ. ಹೊಸ ಸಸಿ ಹಚ್ಚುವ ಮೊದಲೇ ಆ ಒಟ್ಟಿಲನ್ನು ಉರಿಸಿ ಮುಗಿಸಿರಿ, ಸಸಿ ಮಡಿಯನ್ನು ಅದರ ಹತ್ತಿರ ಮಾಡಲೇಬೇಡಿರಿ. ಇಷ್ಟರ ಜೊತೆಗೆ ಬದನೆ ಹುಳುವಿನ ಲಿಂಗಾಕರ್ಷಕ ಬಲೆಗಳನ್ನು ಗಿಡದ ತುದಿಯ ಎತ್ತರಕ್ಕೆ ಕಟ್ಟಿ ಗಂಡು ಪತಂಗಗಳನ್ನು ಹಿಡಿಯಬಹುದು. ಎಕರೆಗೆ ನಲವತ್ತರಂತೆ, ನಿನ್ನ ಹದಿನೈದು ಗುಂಟೆಗೆ ಹದಿನೈದು ಬಲೆ ಬೇಕು. ಒಂದೆರಡು ಬಲೆಯಿಂದ ಹುಳು ಬಂದಿದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ, ಹತೋಟಿಯಾಗುವುದಿಲ್ಲ.

ಬೇವನ್ನು ಬಿಡಬೇಕೆಂದಲ್ಲ. ಅಂಗಡಿಯ ಬಾಟಲಿಗಿಂತ ಮನೆಯ ಬೇವಿನ ಬೀಜದ ಕಷಾಯ ಮೇಲು, ಏಕೆಂದರೆ ಅದು ಹೊಸದಾಗಿರುತ್ತದೆ. ಜೂನ್-ಜುಲೈನಲ್ಲಿ ಉದುರುವ ಹಣ್ಣನ್ನು ಆರಿಸಿ, ಸಿಪ್ಪೆ, ಲೋಳೆ ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿಡು; ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಸು ಹಿಡಿಯುತ್ತದೆ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಬೀಜದ ತಿರುಳನ್ನು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಹಿಂಡಿ ಸೋಸಿ, ಚೂರು ಸೋಪು ಕರಗಿಸಿ, ಅದೇ ದಿನ ಸಂಜೆ ಹೊಡೆಯಬೇಕು. ಬಿಸಿಲಿಗೆ ಬೇವಿನ ಗುಣ ಬೇಗ ಕೆಡುತ್ತದೆ, ಆದುದರಿಂದ ನಡುಮಧ್ಯಾಹ್ನದ ಸಿಂಪರಣೆ ದುಡಿಮೆಯ ದಂಡ. ಎಲೆಯ ಕೆಳಬದಿ ತೊಯ್ಯಬೇಕು, ತತ್ತಿ ಇರುವುದು ಅಲ್ಲಿ.

ಪ್ರಶ್ನೆ: ಕಬ್ಬು ಕಡಿದ ಒಂದು ಎಕರೆಯಲ್ಲಿ ಕಾಯಿಪಲ್ಲೆ ಮಾಡಹೋದರೆ ಬೀನ್ಸ್ ಮೊಳೆಯಲೇ ಇಲ್ಲ, ಗಜ್ಜರಿ (ಕ್ಯಾರೆಟ್) ಬೊಟ್ಟಿನಷ್ಟಾಗಿ ನಿಂತಿತು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಾಣುತ್ತದೆ. ಹೆಂಡಿ-ಗಂಜಲದ ಜೀವಾಮೃತ ಹಾಕಿದರೆ ಸವಳು ಹೋಗುತ್ತದೆಂದು ಹೇಳಿದರು, ನಿಜವೇ?
(ಮುಧೋಳ ತಾಲೂಕಿನ ರೈತ ಓದುಗರು)

ಉತ್ತರ: ನಿಜವಲ್ಲ. ಉಪ್ಪು ಸೂಕ್ಷ್ಮಜೀವಿಗಳು ತಿಂದು ಮುಗಿಸುವ ವಸ್ತುವಲ್ಲ. ಅದು ನೀರಿನೊಡನೆ ಬಂದಿದೆ, ನೀರಿನೊಡನೆಯೇ ಹೋಗಬೇಕು. ಘಟಪ್ರಭೆಯ ಕಾಲುವೆಯ ಕೆಳಗಿನ ಎರೆಹೊಲಗಳಲ್ಲಿ ವರ್ಷಾನುಗಟ್ಟಲೆ ಕಬ್ಬಿಗೆ ನೀರು ಹಾಯಿಸಿ, ಬಸಿದು ಹೋಗಲು ದಾರಿಯಿಲ್ಲದೆ ಅಂತರ್ಜಲ ಮೇಲೆದ್ದಿದೆ. ಆ ನೀರು ಬೇಸಿಗೆಯಲ್ಲಿ ದೀಪದ ಬತ್ತಿಯೊಳಗಿನ ಎಣ್ಣೆಯಂತೆ ಮೇಲಕ್ಕೇರಿ ಆವಿಯಾಗುತ್ತದೆ, ಉಪ್ಪು ನೆಲದ ಮೇಲೆ ಉಳಿಯುತ್ತದೆ. ಆದುದರಿಂದ ಮೊದಲ ಖರ್ಚು ಬಸಿಗಾಲುವೆಗೆ ಆಗಬೇಕು. ಅದು ಒಬ್ಬರ ಹೊಲದಲ್ಲಿ ಮುಗಿಯುವ ಕೆಲಸವಲ್ಲ, ಕೆಳಗಿನ ಹೊಲದವರು ನೀರು ಹಾದುಹೋಗಲು ಒಪ್ಪಬೇಕು. ಇದನ್ನು ಊರವರು ಕೂಡಿ ಮಾಡದೆ ಬೇರೆ ಉಪಾಯ ನನಗೆ ತೋರುವುದಿಲ್ಲ.

ಮಣ್ಣಿನ ಪರೀಕ್ಷೆಯನ್ನು ಈಗಲೇ ಮಾಡಿಸಿರಿ. ರಸಸಾರ (pH) 8.5ಕ್ಕಿಂತ ಕಡಿಮೆಯಿದ್ದು, ಉಪ್ಪಿನಂಶವನ್ನು ತೋರುವ ವಿದ್ಯುತ್ ವಾಹಕತೆ ಹೆಚ್ಚಿದ್ದರೆ ಅದು ಬರಿಯ ಸವಳು. ಬಸಿಗಾಲುವೆ ಮಾಡಿ ಒಳ್ಳೆಯ ನೀರಿನಿಂದ ತೊಳೆದರೆ ಸುಧಾರಿಸುತ್ತದೆ. ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಅದು ಕ್ಷಾರದ ಮಣ್ಣು; ಅದಕ್ಕೆ ಮಾತ್ರ ಜಿಪ್ಸಂ ಬೇಕು, ಪ್ರಮಾಣವನ್ನು ಪರೀಕ್ಷೆಯ ವರದಿಯೇ ಹೇಳಬೇಕು. ಪರೀಕ್ಷೆ ಇಲ್ಲದೆ ಜಿಪ್ಸಂ ಸುರಿಯುವುದು ಹಣ ಸುರಿದಂತೆ. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಇದೆ. ವರದಿ ಹಿಡಿದುಕೊಂಡೇ ಅಲ್ಲಿಗೆ ಹೋಗಿರಿ. ಅಲ್ಲಿಯವರೆಗೆ ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿಗಳನ್ನು ಆ ಹೊಲದಿಂದ ದೂರವಿಡಿರಿ, ಉಪ್ಪನ್ನು ಸ್ವಲ್ಪವೂ ತಾಳದ ಬೆಳೆಗಳವು. ಬೀಟ್‌ರೂಟ್ ಮತ್ತು ಪಾಲಕ ತಾಳುತ್ತವೆ. ಮಳೆಗಾಲದ ಮೊದಲಿಗೆ ದಯಾಂಚವೆಂಬ ಹಸಿರುಗೊಬ್ಬರದ ಬೆಳೆ ಬಿತ್ತಿ, ನಲವತ್ತೈದು-ಐವತ್ತು ದಿನಕ್ಕೆ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮುರಿಯಿರಿ. ಅದು ಸವಳನ್ನೂ ನಿಂತ ನೀರನ್ನೂ ತಾಳಿ ಬೆಳೆದು ಮಣ್ಣನ್ನು ಸಡಿಲಿಸುತ್ತದೆ.

ಪ್ರಶ್ನೆ: ನಮ್ಮಲ್ಲಿ ದನಗಳಿಲ್ಲ. ಜೀವಾಮೃತವೊಂದನ್ನೇ ಕೊಟ್ಟು ಟೊಮ್ಯಾಟೊ ಬೆಳೆಯಬಹುದೇ?
(ಹುಕ್ಕೇರಿ ತಾಲೂಕಿನ ಯುವ ರೈತರು)

ಉತ್ತರ: ಎಕರೆಗೆ ಹೇಳುವ 200 ಲೀಟರ್ ಜೀವಾಮೃತದಲ್ಲಿ 10 ಕಿಲೋ ಹೆಂಡಿ, 10 ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಇರುತ್ತವೆ. ಇವೆಲ್ಲವುಗಳಲ್ಲಿರುವ ಸಾರಜನಕವನ್ನು ಕೂಡಿಸಿದರೆ ಕಾಲು ಕಿಲೋದ ಆಸುಪಾಸಿಗೆ ಬರುತ್ತದೆ. ಹತ್ತು ಟನ್ ಟೊಮ್ಯಾಟೊ ಬೆಳೆ ಮಣ್ಣಿನಿಂದ ಇಪ್ಪತ್ತು ಕಿಲೋಕ್ಕೂ ಹೆಚ್ಚು ಸಾರಜನಕ ಎತ್ತುತ್ತದೆ. ಜೀವಾಮೃತವನ್ನು ನಾನೂ ಬಳಸುತ್ತೇನೆ, ಅದು ಮಣ್ಣಿನ ಜೀವಿಗಳನ್ನು ಚುರುಕಾಗಿಸುವ ಹೆಪ್ಪು. ಹೆಪ್ಪಿದ್ದರೂ ಹಾಲಿಲ್ಲದೆ ಮೊಸರಾಗುವುದಿಲ್ಲ. ಊರಲ್ಲಿ ದನವುಳ್ಳವರ ಹತ್ತಿರ ಗೊಬ್ಬರ ಕೊಳ್ಳಿರಿ, ಸುಗ್ಗಿಯ ನಂತರ ಕುರಿಗಾರರನ್ನು ಕರೆದು ಹೊಲದಲ್ಲಿ ಕುರಿ ನಿಲ್ಲಿಸಿರಿ, ಟೊಮ್ಯಾಟೊಕ್ಕೆ ಮುಂಚೆ ಸೆಣಬು ಅಥವಾ ಅಲಸಂದಿ ಬಿತ್ತಿ ಮಣ್ಣಿಗೆ ಸೇರಿಸಿರಿ. ಈ ಮೂರರಲ್ಲಿ ಎರಡಾದರೂ ಆಗದಿದ್ದರೆ ಈ ವರ್ಷ ಟೊಮ್ಯಾಟೊ ಬೇಡ, ಚವಳಿಕಾಯಿ ಹಾಕಿರಿ.

ಪ್ರಶ್ನೆ: ಮೆಣಸಿನಕಾಯಿ ಗಿಡದ ಎಲೆ ಮುರುಟುತ್ತಿದೆ. ಏನು ಹೊಡೆಯಬೇಕು?
(ಬಾದಾಮಿ ತಾಲೂಕಿನ ಓದುಗರು)

ಉತ್ತರ: ಎಲೆ ಯಾವ ಕಡೆ ಮುರುಟಿದೆ ಎಂದು ನೀವು ಬರೆದಿದ್ದರೆ ಉತ್ತರ ಇನ್ನೂ ಸುಲಭವಾಗುತ್ತಿತ್ತು. ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಅಂಚು ಕೆಳಕ್ಕೆ ಮಡಚಿ ಎಲೆಯ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಸಣ್ಣದಾಗಿ ಗಿಡವೇ ಗುಜ್ಜಾಗಿ ಹೂ ಕಟ್ಟದೆ ನಿಂತಿದ್ದರೆ ಬಿಳಿನೊಣ ಹರಡುವ ವೈರಸ್. ವೈರಸ್ ಹಿಡಿದ ಗಿಡಕ್ಕೆ ಔಷಧವಿಲ್ಲ, ಕಿತ್ತು ಹುಗಿಯಿರಿ. ಮೈಟ್ ನುಸಿಗೆ ನೀರಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಸಂಜೆಯ ತಂಪಿನಲ್ಲಿ ಹೊಡೆಯಬಹುದು, ಸಾವಯವದಲ್ಲಿಯೂ ಅದಕ್ಕೆ ಒಪ್ಪಿಗೆಯಿದೆ. ಬಿರುಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಥ್ರಿಪ್ಸ್‌ಗೆ ಮೇಲೆ ಹೇಳಿದ ಬೇವಿನ ಕಷಾಯ ಮತ್ತು ನೀಲಿ ಅಂಟುಹಾಳೆ. ಒಂದು ಹೂವನ್ನು ಬಿಳಿ ಹಾಳೆಯ ಮೇಲೆ ತಟ್ಟಿ ನೋಡಿರಿ. ಕಪ್ಪು ಸಣ್ಣ ನುಸಿಗಳು ಗುಂಪಾಗಿ ಉದುರಿದರೆ ಅದು 2021ರಿಂದ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿಯನ್ನು ಕಾಡುತ್ತಿರುವ ಹೊರಗಿನಿಂದ ಬಂದ ನುಸಿ. ಅದಕ್ಕೆ ಮೇಲಿಂದ ಮೇಲೆ ಎಣ್ಣೆ ಹೊಡೆದವರ ಹೊಲದಲ್ಲಿ ಅದನ್ನು ತಿನ್ನುವ ಹುಳಗಳೂ ಸತ್ತು ಕಾಟ ಹೆಚ್ಚಾದದ್ದನ್ನು ಕಂಡಿದ್ದೇನೆ. ಮುಂದಿನ ಸಲ ಅಗಿಯನ್ನು (ಸಸಿಯನ್ನು) ನೈಲಾನ್ ಪರದೆಯೊಳಗೆ ಬೆಳೆಸಿ, ಹೊಲದ ಸುತ್ತ ಮೂರು ಸಾಲು ಗೋವಿನಜೋಳವನ್ನೋ ಬಿಳಿಜೋಳವನ್ನೋ ಅಗಿ ಹಚ್ಚುವ ಮೂರು ವಾರ ಮೊದಲೇ ಬಿತ್ತಿರಿ.

ಪ್ರಶ್ನೆ: ಬೆಳಗಾವಿಯ ಮನೆಗಳಿಗೆ ನಾವೇ ಕಾಯಿಪಲ್ಲೆ ಮುಟ್ಟಿಸುತ್ತೇವೆ. ಕೆಲವರು ಸಾವಯವ ಎಂಬ ಸರ್ಟಿಫಿಕೇಟ್ ಕೇಳುತ್ತಾರೆ. ಅದಿಲ್ಲದೆ ಮಾರಿದರೆ ತಪ್ಪಾಗುತ್ತದೆಯೇ?
(ಬೆಳಗಾವಿ ತಾಲೂಕಿನ ದಂಪತಿ)

ಉತ್ತರ: ತಾವೇ ಬೆಳೆದು ತಿನ್ನುವವರ ಕೈಗೆ ನೇರವಾಗಿ ಕೊಡುವ ಸಣ್ಣ ರೈತರಿಗೆ 2017ರ ಸಾವಯವ ಆಹಾರ ನಿಯಮಗಳಲ್ಲಿ ದೃಢೀಕರಣದಿಂದ ವಿನಾಯಿತಿಯಿದೆ, ಸಾವಯವ ಆಹಾರದ ಸರ್ಕಾರಿ ಮುದ್ರೆಯನ್ನು ಮಾತ್ರ ಹಚ್ಚುವಂತಿಲ್ಲ. ಅಂಗಡಿಗೆ ಅಥವಾ ಗೋವಾಕ್ಕೆ ಹೋಗುವ ವ್ಯಾಪಾರಿಗೆ ಸಾವಯವವೆಂದು ಕೊಡುವುದಾದರೆ ದೃಢೀಕರಣ ಬೇಕು. ಸಣ್ಣವರಿಗೆ ಹೊಂದುವುದು ಪಿಜಿಎಸ್ ಪದ್ಧತಿ: ಅಕ್ಕಪಕ್ಕದ ಕನಿಷ್ಠ ಐದು ರೈತರು ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಪರಿವರ್ತನೆಯ ಅವಧಿಯಲ್ಲಿ ಪಿಜಿಎಸ್ ಗ್ರೀನ್, ಅದು ಮುಗಿದ ಮೇಲೆ ಪಿಜಿಎಸ್ ಆರ್ಗ್ಯಾನಿಕ್ ಎಂಬ ಗುರುತು ಸಿಗುತ್ತದೆ. ಬಿತ್ತಿದ ದಿನ, ಹಾಕಿದ ಗೊಬ್ಬರ, ಹೊಡೆದ ಕಷಾಯ ಎಲ್ಲವನ್ನೂ ಒಂದು ವಹಿಯಲ್ಲಿ ಇಂದಿನಿಂದಲೇ ಬರೆದಿಡಿರಿ. ನಿಮ್ಮ ಗಿರಾಕಿಗಳನ್ನು ವರ್ಷಕ್ಕೊಮ್ಮೆ ಹೊಲಕ್ಕೆ ಕರೆದು ಆ ವಹಿಯನ್ನೂ ತೋರಿಸಿರಿ.

ಪ್ರಶ್ನೆ: ನಮ್ಮ ಅತ್ತೆಯವರ ಕಾಲದ ಚವಳಿಕಾಯಿ, ಹೀರೆಕಾಯಿ ಬೀಜಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಚವಳಿ ಹಾಗೆಯೇ ಇದೆ, ಹೀರೆ ಮಾತ್ರ ವರ್ಷವರ್ಷಕ್ಕೆ ಬೇರೆಯಾಗುತ್ತಿದೆ. ಬೀಜಕ್ಕೆ ನುಸಿಯೂ ಬೀಳುತ್ತಿದೆ. ಏನು ಮಾಡಲಿ?
(ಇಂಡಿ ತಾಲೂಕಿನ ಹಿರಿಯ ಓದುಗರು)

ಉತ್ತರ: ತಾಯೀ, ನೀವು ಕಾಪಾಡಿಕೊಂಡು ಬಂದಿರುವುದು ದುಡ್ಡು ಕೊಟ್ಟರೂ ಸಿಗದ ಬೀಜ. ಚವಳಿಯ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದುದರಿಂದ ತಳಿ ಕೆಡುವುದಿಲ್ಲ. ಅವರೆಯೂ ಬಹುಪಾಲು ಹಾಗೆಯೇ. ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನುಹುಳು ಪಕ್ಕದ ಹೊಲದ ಹೈಬ್ರಿಡ್ ಹೀರೆಯ ಪರಾಗವನ್ನು ತಂದು ನಿಮ್ಮ ಹೂವಿಗೆ ಮುಟ್ಟಿಸುತ್ತದೆ. ಬೀಜಕ್ಕೆ ಬಿಡುವ ಮೂರು-ನಾಲ್ಕು ಹೆಣ್ಣು ಹೂಗಳನ್ನು, ನಾಳೆ ಅರಳುತ್ತವೆ ಎನ್ನುವ ದಿನವೇ ತೆಳು ಬಟ್ಟೆಯ ಚೀಲದಿಂದ ಕಟ್ಟಿರಿ, ಅದೇ ತಳಿಯ ಬೇರೆ ಬಳ್ಳಿಯ ಗಂಡು ಮೊಗ್ಗನ್ನೂ ಹಾಗೆಯೇ ಕಟ್ಟಿರಿ. ಹೀರೆ ಸಂಜೆ ಅರಳುವ ಹೂವು. ಅರಳಿದಾಗ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ, ಮತ್ತೆ ಚೀಲ ಕಟ್ಟಿ, ಎರಡು ದಿನ ಬಿಟ್ಟು ಬಿಚ್ಚಿರಿ. ಗುರುತಿಗೆ ಒಂದು ಕೆಂಪು ದಾರ ಕಟ್ಟಿದರೆ ಮೊಮ್ಮಕ್ಕಳು ತಿಳಿಯದೆ ಹರಿಯುವುದು ತಪ್ಪುತ್ತದೆ.

ನುಸಿ ಬೀಳುವುದು ಬೀಜದಲ್ಲಿ ತೇವ ಉಳಿದಾಗ. ಕಾಯಿ ಬಳ್ಳಿಯಲ್ಲಿಯೇ ಒಣಗಿ, ಅಲುಗಾಡಿಸಿದರೆ ಒಳಗೆ ಗಲಗಲ ಸದ್ದು ಬರುವವರೆಗೆ ಬಿಟ್ಟು, ಬೀಜ ತೆಗೆದು ಬೆಳಗಿನ ಎಳೆಬಿಸಿಲಿನಲ್ಲಿ ಮೂರು-ನಾಲ್ಕು ದಿನ ಒಣಗಿಸಿರಿ. ಚವಳಿ ಬೀಜವನ್ನು ಹಲ್ಲಿನಿಂದ ಕಚ್ಚಿದಾಗ ಗುರುತು ಬೀಳದೆ ಟಕ್ಕನೆ ಒಡೆಯಬೇಕು. ಪೂರ್ತಿ ಆರಿದ ಮೇಲೆ ಜರಡಿ ಹಿಡಿದ ಒಲೆಯ ಬೂದಿಯನ್ನು ಬೀಜದಷ್ಟೇ ಬೆರೆಸಿ, ಡಬ್ಬಿಯ ಬಾಯಿಯವರೆಗೂ ತುಂಬಿ, ಮುಚ್ಚಳ ಬಿಗಿಮಾಡಿ, ಒಲೆಯ ಶಾಖ ತಾಗದ ಕತ್ತಲೆಯ ಮೂಲೆಯಲ್ಲಿಡಿರಿ. ಪ್ರತಿ ವರ್ಷ ಆ ಬೀಜದಲ್ಲಿ ಒಂದು ಪಾಲನ್ನು ಬಿತ್ತದೆ ಉಳಿಸಿಕೊಂಡು, ಇನ್ನೊಂದು ಹಿಡಿಯನ್ನು ನೆರೆಮನೆಯವರಿಗೂ ಕೊಡಿರಿ. ಒಂದು ವರ್ಷ ನಿಮ್ಮ ಬಳ್ಳಿ ಕೆಟ್ಟರೆ ಅವರ ಹತ್ತಿರ ಕೇಳಿ ತರಬಹುದು.